ಮೀಟರ್ ಇದೆ, ತೋರಿಸಲ್ಲ

ನಿಕಾನ್‌ನ ಹಳೇ ಎಐ 50 ಎಂಎಂ ಎಫ್/2 ಲೆನ್ಸನ್ನು ಡಿ3300ಕ್ಕೆ ತಿರುವಿದರೆ ಚೆನ್ನಾಗಿ ಕೂರುತ್ತೆ; 1959ರಿಂದ ಬಂದಿರೋ ಅದೇ ಎಫ್ ಮೌಂಟ್. ಲೈಟ್ ಮೀಟರ್ ಮಾತ್ರ ಬಾಯಿ ಬಿಡಲ್ಲ. ಲೆನ್ಸಿನಲ್ಲಿ ಚಿಪ್ ಇಲ್ಲ, ನೀವು ಯಾವ ಅಪರ್ಚರ್ ಇಟ್ಟಿದ್ದೀರಿ ಅಂತ ಬಾಡಿಗೆ ಗೊತ್ತಾಗಲ್ಲ ಅನ್ನೋದು ಸಮಜಾಯಿಷಿ.

ನನಗಿದು ಒಪ್ಪಿಗೆಯಿಲ್ಲ. ಬೆಳಕು ಅಳೆಯೋ ಸೆನ್ಸರ್ ಇರುವುದು ಬಾಡಿಯೊಳಗೆ. ಪೂರ್ತಿ ತೆರೆದ ಲೆನ್ಸಿಗೆ ಎಷ್ಟು ಬೇಕು ಅಂತ ಹೇಳಿದರೆ ಸಾಕಿತ್ತು. ಎಫ್/2ಕ್ಕೆ 1/1000 ಅಂದರೆ, ನಾಲ್ಕು ಸ್ಟಾಪ್ ಎಣಿಸಿ ಎಫ್/8ಕ್ಕೆ 1/60 ಅಂತ ನಾನೇ ಲೆಕ್ಕ ಹಾಕ್ತೀನಿ. ತಮಾಷೆ ನೋಡಿ, ಇದೇ ಲೆನ್ಸನ್ನು ಅಡಾಪ್ಟರ್ ಹಾಕಿ ಕ್ಯಾನನ್ ಇಒಎಸ್‌ಗೆ ಕೂರಿಸಿದರೆ ಅದು ಒಳಬಂದ ಬೆಳಕನ್ನು ಅಳೆದು ಶಟರ್ ವೇಗ ಕೊಡುತ್ತೆ!

ಡಿ7200ರಲ್ಲಿ ಮೀಟರ್ ನಡೀತಿತ್ತು. ಅಪರ್ಚರ್ ರಿಂಗ್ ಓದೋ ಪುಟ್ಟ ಕೊಂಡಿ ಅದರಲ್ಲಿತ್ತು. 2017ರ ಡಿ7500ರಲ್ಲಿ ಅದನ್ನೂ ತೆಗೆದರು. ಕಡಿಮೆ ದುಡ್ಡಿನವನೇ ತಾನೇ ಅಗ್ಗದ ಬಾಡಿಗೆ ಹಳೇ ಲೆನ್ಸ್ ಹುಡುಕೋದು? ಮೀಟರ್ ಇಲ್ಲದ್ದು ಅವನಿಗೇ.

ಬಿಸಿಲಿದ್ದರೆ ಹಳೇ ಸೂತ್ರ ಇದೆ: ಎಫ್/16, ಐಎಸ್ಒ 100, 1/125. ಊರಿನ ಅಡಿಕೆ ತೋಟದೊಳಗೆ ಹೋದರೆ ಅದೂ ಕೈಕೊಡುತ್ತೆ. ಅಲ್ಲಿ ಒಂದು ಚಿತ್ರ ತೆಗೆದು, ಹಿಸ್ಟೋಗ್ರಾಮ್ ನೋಡಿ, ಶಟರ್ ಬದಲಿಸಿ ಮತ್ತೆ ತೆಗೀತೀನಿ. ಅಷ್ಟರಲ್ಲಿ ಹಕ್ಕಿ ಹಾರಿರುತ್ತೆ.