ಎಪ್ಪತ್ತೇಳು ಮಲೆಗೆ ಮೂರು ಪಟ್ಟಿ ಬೇಡ

ಬೇಸಿಗೆ ರಜೆಗೆ ಹೋಗಬಹುದಾದ ಜಾಗಗಳ ಬಗ್ಗೆ ಈ ವಾರ ಬರೆಯುವ ಮಾತಿತ್ತು. ಆದರೆ ಚಾಮರಾಜನಗರ ಜಿಲ್ಲೆಗೆ ಬಂದಾಗ ಪಟ್ಟಿ ಮುಂದೆ ಸಾಗಲಿಲ್ಲ. ಈ ಜಿಲ್ಲೆಯ ಬಗ್ಗೆ ಬಂದಿರುವ ಯಾವ ಕೈಪಿಡಿಯನ್ನು ತೆಗೆದರೂ ಮೂರು ತಲೆಬರಹಗಳು ಕಾಣುತ್ತವೆ. ವನ್ಯಜೀವಿ ಎಂದರೆ ಬಂಡೀಪುರ ಮತ್ತು ಕೆ. ಗುಡಿ. ಪ್ರಕೃತಿ ಎಂದರೆ ಭರಚುಕ್ಕಿ, ಹೊಗೇನಕಲ್. ಧಾರ್ಮಿಕ ಕ್ಷೇತ್ರ ಎಂದರೆ ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಗೋಪಾಲಸ್ವಾಮಿ ಬೆಟ್ಟ. ಓದುಗರು ತಮಗೆ ಬೇಕಾದ ತಲೆಬರಹವನ್ನು ಆರಿಸಿಕೊಂಡು ಉಳಿದ ಎರಡನ್ನು ಬಿಟ್ಟು ಹೋಗುತ್ತಾರೆ. ಕ್ಯಾಮೆರಾ ಹಿಡಿದವರು ಗುಡಿಯ ಕಡೆ ತಲೆ ಹಾಕುವುದಿಲ್ಲ, ಹರಕೆ ಹೊತ್ತವರಿಗೆ ಕಾಡು ಬಸ್ಸಿನ ಕಿಟಕಿಯಾಚೆ ಸರಿದುಹೋಗುತ್ತದೆ. ಸುಮಾರು ಅರ್ಧದಷ್ಟು ನೆಲ ಕಾಡೇ ಆಗಿರುವ, ಎರಡು ಹುಲಿ ಸಂರಕ್ಷಿತ ಪ್ರದೇಶಗಳೂ ಎರಡು ವನ್ಯಧಾಮಗಳೂ ಇರುವ ಈ ಜಿಲ್ಲೆಯಲ್ಲಿ ಕಾಡು, ದೇವರು, ಜನ ಎಂಬ ಮೂರನ್ನು ಬೇರೆ ಬೇರೆಯಾಗಿ ನೋಡಿದರೆ ಮೂರೂ ಅರ್ಥವಾಗುವುದಿಲ್ಲ. ಇಂದಿನ ಅಂಕಣದ ವಾದ ಇಷ್ಟೇ.

ಈ ಅಂಕಣವನ್ನು ತಪ್ಪದೆ ಓದುವವರಿಗೆ ಹುಲಿ ಎಣಿಸುವ ಪಂಥದೊಡನೆ ನನಗಿರುವ ಹಳೆಯ ಜಗಳ ಗೊತ್ತು. ಬಂಡೀಪುರದ ಸಾಧನೆಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನ್ನದಲ್ಲ. 1931ರಲ್ಲಿ ಮೈಸೂರು ಅರಸರ ಕಾಲಕ್ಕೆ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ಶುರುವಾಗಿ, 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾದ ಜಾಗ ಅದು. ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರ ನಿಲ್ಲಿಸಿದ್ದು, 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿದದ್ದು ಕರ್ನಾಟಕ ಹೆಮ್ಮೆಪಡಬೇಕಾದ ಸಂಗತಿಗಳು. ನನ್ನ ತಕರಾರು ಹುಲಿ ಕಂಡರೆ ಕಾಡು ನೋಡಿದಂತೆ, ಕಾಣದಿದ್ದರೆ ದುಡ್ಡು ದಂಡ ಎಂಬ ಲೆಕ್ಕಾಚಾರದ ಮೇಲೆ. ಬಂಡೀಪುರದ ಹೆಸರಾಂತ ಗಂಡುಹುಲಿ ಪ್ರಿನ್ಸ್ 2017ರಲ್ಲಿ ಸಾಯುವವರೆಗೂ ಎಷ್ಟೋ ಮಂದಿಗೆ ಬಂಡೀಪುರವೆಂದರೆ ಆ ಒಂದು ಪ್ರಾಣಿಯಷ್ಟೇ ಆಗಿತ್ತು. ಜೀಪಿನಲ್ಲಿ ಕೂತವರು ಚುಕ್ಕೆ ಜಿಂಕೆಯ ಹಿಂಡನ್ನೂ ಕಾಟಿಯನ್ನೂ ಅಡ್ಡ ಬಂದವುಗಳೆಂಬಂತೆ ನೋಡಿ ಮುಂದೆ ನಡೆಯಿರಿ ಎನ್ನುತ್ತಿದ್ದರು.

ಈ ಲೆಕ್ಕದಿಂದ ಅತಿ ಹೆಚ್ಚು ನಷ್ಟವಾದದ್ದು ಬಿಳಿಗಿರಿರಂಗನ ಬೆಟ್ಟಕ್ಕೆ. ಅಲ್ಲಿ ಬೆಟ್ಟ ಕಡಿದು, ಕಾಡು ದಟ್ಟ, ಹುಲಿ ಕಣ್ಣಿಗೆ ಬೀಳುವುದು ಅಪರೂಪ. ಹಾಗಾಗಿ ಹುಲಿ ಪಂಥದವರ ಪಟ್ಟಿಯಲ್ಲಿ ಅದಕ್ಕೆ ಕೊನೆಯ ಸಾಲು. ಆದರೆ ಪಶ್ಚಿಮಘಟ್ಟವನ್ನೂ ಪೂರ್ವಘಟ್ಟವನ್ನೂ ಬೆಸೆಯುವ ಕೊಂಡಿ ಈ ಬೆಟ್ಟಸಾಲು. ಯಳಂದೂರಿನ ಕಡೆಯಿಂದ ಹತ್ತಿದರೆ ಮೊದಲು ಮುಳ್ಳಿನ ಕುರುಚಲು ಸಿಗುತ್ತದೆ, ಆಮೇಲೆ ಎಲೆ ಉದುರಿಸುವ ಕಾಡು, ಇನ್ನೂ ಮೇಲೆ ನಿತ್ಯಹಸಿರು, ನೆತ್ತಿಯಲ್ಲಿ ಹುಲ್ಲುಗಾವಲು ಮತ್ತು ಶೋಲಾ. ಬೇರೆ ಕಡೆ ನೂರಾರು ಮೈಲಿ ತಿರುಗಿ ನೋಡಬೇಕಾದ ಕಾಡಿನ ಬಗೆಗಳು ಇಲ್ಲಿ ಒಂದೇ ದಿನದಲ್ಲಿ ಎದುರಾಗುತ್ತವೆ. ಇದನ್ನು ಕಾಣಲು ಅದೃಷ್ಟ ಬೇಕಿಲ್ಲ, ಮರಗಳನ್ನು ನೋಡುವ ಮನಸ್ಸು ಸಾಕು.

ಮರಗಳ ಮಾತು ಬಂದಾಗ ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಮಾತು ಬರಲೇಬೇಕು. ಕೈಪಿಡಿಗಳಲ್ಲಿ ಅವರಿಗೆ ಸಿಗುವುದು ಕೊನೆಯ ಪುಟದಲ್ಲಿ ಒಂದು ಪ್ಯಾರಾ, ಅದೂ ಸಂಸ್ಕೃತಿ ಎಂಬ ಹೆಸರಿನಡಿ. ಆದರೆ ಈ ಬೆಟ್ಟದ ನಕ್ಷೆಯನ್ನು ಮೊದಲು ಬರೆದವರು ಅವರು, ಬರೆದದ್ದು ದೇವರುಗಳ ಹೆಸರಿನಲ್ಲಿ. ಸೋಲಿಗರ ಒಂದೊಂದು ಕುಲಕ್ಕೂ ತನ್ನದೇ ಆದ ಯೆಲ್ಲೆ ಇದೆ. ಆ ಯೆಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಸತ್ತವರ ಕಲ್ಲುಗುಡಿ, ಹಬ್ಬಿ ಎಂದು ಅವರು ಕರೆಯುವ ನೀರಿನ ಸೆಲೆ ಎಲ್ಲವೂ ಇರಬೇಕು. ಸಂಶೋಧಕರು ಸೋಲಿಗ ಹಿರಿಯರ ಜೊತೆ ನಡೆದು ಗುರುತು ಮಾಡಿದಾಗ ಇಂಥ ತಾಣಗಳು ನಾನೂರಕ್ಕೂ ಹೆಚ್ಚು ಸಿಕ್ಕವು. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಇವುಗಳಲ್ಲೆಲ್ಲ ಹೆಸರಾದದ್ದು. ಬುಡದ ಸುತ್ತ ಸಾಲು ಸಾಲಾಗಿ ನೆಟ್ಟ ಕಲ್ಲುಗಳೇ ಲಿಂಗಗಳು, ಮೇಲೆ ಗೋಪುರವಿಲ್ಲ, ಸುತ್ತ ಗೋಡೆಯಿಲ್ಲ. ಮರವೇ ಗುಡಿ. ಇಂದು ಸಫಾರಿ ಜೀಪುಗಳು ಹೊರಡುವ ಕೆ. ಗುಡಿಯೂ ಅವರ ಕ್ಯಾತೇದೇವರ ಜಾಗವೇ. ಬೆಟ್ಟದ ಮೇಲಿನ ರಂಗನಾಥನೂ ಈ ನಕ್ಷೆಯ ಹೊರಗಿನವನಲ್ಲ. ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಒಲಿದು ಮದುವೆಯಾದನೆಂಬ ಕಥೆಯಿರುವುದರಿಂದ ಅವರಿಗೆ ಅವನು ಭಾವ. ವೈಷ್ಣವ ಕ್ಷೇತ್ರವೆಂದು ಒಂದು ಪಟ್ಟಿಯಲ್ಲಿ, ಹುಲಿ ಕಾಡು ಎಂದು ಇನ್ನೊಂದು ಪಟ್ಟಿಯಲ್ಲಿ ಬರುವ ಬೆಟ್ಟ ಅಲ್ಲಿಯ ಜನಕ್ಕೆ ನೆಂಟರ ಮನೆ.

ಇದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುವ ಕೃತಿ ನಮ್ಮಲ್ಲಿದೆ. ಕಂಸಾಳೆಯವರು ರಾತ್ರಿಯಿಡೀ ಹಾಡುವ, ಪಿ.ಕೆ. ರಾಜಶೇಖರ ಅವರಂಥ ವಿದ್ವಾಂಸರು ಸಂಪಾದಿಸಿಕೊಟ್ಟ ಮಲೆಯ ಮಾದೇಶ್ವರ ಕಾವ್ಯ ಅದು. ಮಾದೇಶ್ವರನ, ಅಂದರೆ ಜನರ ಮಾದಪ್ಪನ, ಎಪ್ಪತ್ತೇಳು ಮಲೆಗೆ ಹೊರಟವರೆಲ್ಲ ಓದಲೇಬೇಕಾದ ಪ್ರವಾಸ ಕಥನವೆಂದರೆ ಅದೇ ಎನ್ನುವುದು ನನ್ನ ಪಟ್ಟು. ಅದರಲ್ಲಿ ಸಂಕಮ್ಮನ ಸಾಲು ಎಂಬ ಭಾಗವನ್ನೇ ತೆಗೆದುಕೊಳ್ಳಿ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡಬೇಕು. ಹೊರಡುವ ಮುನ್ನ, ತಾನಿಲ್ಲದಾಗ ಪಾತಿವ್ರತ್ಯಕ್ಕೆ ಭಂಗ ತರುವುದಿಲ್ಲವೆಂದು ಹೆಂಡತಿ ಭಾಷೆ ಕೊಡಬೇಕೆನ್ನುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಭಾಷೆ ಕೇಳುವುದೇ ಅವಮಾನವೆಂದು ಅವಳ ನಿಲುವು. ಅವನು ಅವಳನ್ನು ಗುಡಿಸಿಲಿನೊಳಗೆ ಕ್ರೂರವಾಗಿ ಕಟ್ಟಿಹಾಕಿ ಕಾಡಿಗೆ ಹೋಗುತ್ತಾನೆ. ಅವಳ ಕೂಗಿಗೆ ಮಾದಪ್ಪ ಬರುತ್ತಾನೆ, ಬಿಡಿಸುತ್ತಾನೆ, ಅವಳಿಗೆ ಎರಡು ಗಂಡುಮಕ್ಕಳ ಫಲ ಕೊಡುತ್ತಾನೆ. ಹಿಂತಿರುಗಿದ ಗಂಡ ಶಂಕೆಪಡುತ್ತಾನೆ, ಪರೀಕ್ಷೆ ಒಡ್ಡುತ್ತಾನೆ, ಅವಳು ಗೆಲ್ಲುತ್ತಾಳೆ. ಹೆಣ್ಣೊಬ್ಬಳ ಘನತೆಯ ಕಥೆಯೆಂದು ಇದನ್ನು ನಮ್ಮ ವಿಮರ್ಶಕರು ಸರಿಯಾಗಿಯೇ ಓದಿದ್ದಾರೆ. ಪ್ರವಾಸಿ ಇನ್ನೊಂದನ್ನೂ ಗಮನಿಸಬೇಕು. ಈ ಕಾವ್ಯದಲ್ಲಿ ಕಾಡು ಬರಿದಾಗಿ ನಿಂತ ಹಿನ್ನೆಲೆಯಲ್ಲ. ಅಲ್ಲಿ ಜನರಿದ್ದಾರೆ, ಅವರ ದುಡಿಮೆಯಿದೆ, ಗಂಡಹೆಂಡಿರ ಜಗಳವಿದೆ, ಆ ಜಗಳದಲ್ಲಿ ನ್ಯಾಯ ಹೇಳಲು ಹುಲಿಯನ್ನೇರಿದ ದೇವರು ಗುಡಿಸಿಲಿನ ಬಾಗಿಲಿಗೇ ಬರುತ್ತಾನೆ. ಮಾದಪ್ಪನಿಗೆ ಗುಡಿ ಕಟ್ಟಿಸಿದ ಜುಂಜೇಗೌಡನ ಕಥೆಯೂ ಇದೇ ಮಲೆಯ ಸುತ್ತಲಿನದು. ಜನರಿಲ್ಲದ ಕಾಡೇ ಶುದ್ಧ ಕಾಡು ಎಂಬ ಕಲ್ಪನೆ ಈ ಕಾವ್ಯಕ್ಕೆ ಗೊತ್ತೇ ಇಲ್ಲ.

ಕಾವ್ಯ ಹೇಳಿದ ಮಾತ್ರಕ್ಕೆ ಕಾಡಿನ ವಿಜ್ಞಾನ ಒಪ್ಪಬೇಕೇ ಎಂದು ಕೇಳುವವರಿದ್ದಾರೆ. ಒಪ್ಪಬೇಕಿಲ್ಲ, ನೆಲದ ಮೇಲಿನ ಸಾಕ್ಷಿ ನೋಡೋಣ. ಸೋಲಿಗರು ತರಗಿನ ಬೆಂಕಿ ಎಂದು ಕರೆಯುವ ಒಂದು ಪದ್ಧತಿ ಇತ್ತು. ಬೇಸಿಗೆ ಬಲಿಯುವ ಮೊದಲು, ಉದುರಿದ ತರಗು ಒಣಗಿದ್ದರೂ ನೆಲದ ತೇವ ಆರದಿರುವ ದಿನಗಳಲ್ಲಿ ಸಣ್ಣಗೆ ಬೆಂಕಿ ಇಡುತ್ತಿದ್ದರು. ಅದು ಮೊಣಕಾಲೆತ್ತರ ಏಳದೆ ತರಗನ್ನು ನೆಕ್ಕಿ ತಾನಾಗಿ ಆರುತ್ತಿತ್ತು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ, ಮಳೆ ಬಿದ್ದ ಕೂಡಲೇ ಹೊಸ ಹುಲ್ಲು ಚಿಗುರುತ್ತಿತ್ತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾಯಿತು. ಕಾಡಿನೊಳಗಿನ ಸೋಲಿಗರನ್ನು ತಂದು ಪೋಡುಗಳೆಂಬ ಹಾಡಿಗಳಲ್ಲಿ ನೆಲೆಗೊಳಿಸಿದರು, ಬೇಸಾಯ ಮತ್ತು ಬೇಟೆಯ ಜೊತೆಗೆ ಬೆಂಕಿಯೂ ನಿಂತಿತು. ಆಮೇಲೆ ಲಂಟಾನ ಹಬ್ಬಿತು. 1997ರಲ್ಲೂ 2008ರಲ್ಲೂ ಅಧ್ಯಯನಕಾರರು ಈ ಕಾಡಿನ ಅದೇ ಜಾಗಗಳನ್ನು ಅಳೆದು ನೋಡಿದಾಗ ಲಂಟಾನ ಇರುವ ಜಾಗಗಳು ಸುಮಾರು ಎರಡು ಪಟ್ಟಾಗಿದ್ದವು. ಅದರಡಿ ಹುಲ್ಲು ಬೆಳೆಯುವುದಿಲ್ಲ, ಹುಲ್ಲಿಲ್ಲದ ಕಡೆ ಜಿಂಕೆ ನಿಲ್ಲುವುದಿಲ್ಲ, ಜಿಂಕೆ ಇಲ್ಲದ ಕಡೆ ಹುಲಿಗೇನು ಕೆಲಸ?

ನೆಲ್ಲಿಮರದ ಉದಾಹರಣೆ ಇನ್ನೂ ಸ್ಪಷ್ಟ. ನೆಲ್ಲಿಯ ಕೊಂಬೆಗಳ ಮೇಲೆ ಉಪ್ಪಿಲು ಎಂಬ ಬಂದಳಿಕೆ ಬೆಳೆದು ಮರದ ರಸ ಹೀರಿ ಒಣಗಿಸುತ್ತದೆ. ನೆಲ್ಲಿಕಾಯಿ ಕಡಿಮೆಯಾಗಲು ಸೋಲಿಗರು ಕಾಯಿ ಕೀಳುವುದೇ ಕಾರಣ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಾಯಿತು, ಮರ ಸಾಯುತ್ತಿರುವುದು ಅದರಿಂದ ಎಂದು ಸೋಲಿಗರು ಹೇಳುತ್ತಲೇ ಇದ್ದರು. ಕೊನೆಗೆ ಕಾಡಿನಲ್ಲಿ ಕೆಲಸ ಮಾಡುವ ವಿಜ್ಞಾನಿಗಳು ಆ ಮಾತನ್ನು ಪರಿಶೀಲಿಸಿ ಬೆಲೆಯುಳ್ಳದ್ದೆಂದು ಬರೆದರು. ಇದರರ್ಥ ನಾಳೆಯೇ ಹೋಗಿ ಬೆಂಕಿ ಹಚ್ಚಬೇಕೆಂದಲ್ಲ. ಲಂಟಾನ ಆಳೆತ್ತರ ಒಣಗಿ ನಿಂತಿರುವ ಕಾಡಿನಲ್ಲಿ ಹಳೆಯ ಬೆಂಕಿ ಹಳೆಯ ಹಾಗೆ ಇರಲಾರದು. ಸೋಲಿಗರೇ ಅದನ್ನು ಹೇಳುತ್ತಾರೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬಂಡೀಪುರದ ಸಾವಿರಾರು ಎಕರೆ ಹೊತ್ತಿ ಉರಿದದ್ದು ನೆನಪಿರಬಹುದು. ಕಿಡಿ ಬಿದ್ದದ್ದು ಹೇಗೆಂಬುದು ಬೇರೆ ಮಾತು, ಬಿದ್ದ ಕಿಡಿಗೆ ಅಷ್ಟೊಂದು ಒಣ ಮೇವು ಸಿದ್ಧವಿತ್ತು ಎಂಬುದು ಯೋಚಿಸಬೇಕಾದ ಮಾತು. ಬಜೆಟ್ಟು, ಕ್ಯಾಮೆರಾ, ಕಾವಲುಗಾರರು ಎಲ್ಲ ಇದ್ದೂ ಕಾಡಿನ ಆರೋಗ್ಯಕ್ಕೆ ಇನ್ನೊಂದು ಬಗೆಯ ತಿಳಿವಳಿಕೆ ಬೇಕಾಗುತ್ತದೆ, ಅದು ಯೆಲ್ಲೆಗಳನ್ನು ಪೂಜಿಸುವವರ ಬಳಿ ಇದೆ.

2011 ಈ ವಾದಕ್ಕೆ ಮುಖ್ಯವಾದ ವರ್ಷ. ಆ ವರ್ಷದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳೂ ಬಂದವು. ದೇಶದ ಹುಲಿ ಕಾಡೊಂದರೊಳಗೆ ಹೀಗಾದದ್ದು ಅದೇ ಮೊದಲು. ಜನರಿಗೆ ಹಕ್ಕು ಕೊಟ್ಟರೆ ಹುಲಿ ಉಳಿಯದೆಂದು ಹೇಳಿದವರು ಆಗ ಬಹಳ. ಆದರೆ 2010ರ ಗಣತಿಗಿಂತ 2014ರ ಗಣತಿಯಲ್ಲಿ ಅಲ್ಲಿಯ ಹುಲಿಗಳು ಹೆಚ್ಚಾಗಿದ್ದವು. ಹೆಚ್ಚಾದದ್ದು ಹಕ್ಕುಪತ್ರದಿಂದಲೇ ಎಂದು ಹೇಳಿದರೆ ಅದು ವಕೀಲಿಕೆಯಾದೀತು. ಕಾವಲು, ಬೇಟೆಪ್ರಾಣಿ, ಸುತ್ತಲಿನ ಕಾಡುಗಳ ನಂಟು ಎಲ್ಲವೂ ಸೇರಿ ಹುಲಿ ಹೆಚ್ಚುತ್ತದೆ. ಜನ ಇದ್ದರೆ ಹುಲಿ ಇರಲಾರದು ಎಂಬ ಮಾತಂತೂ ಇಲ್ಲಿ ಸುಳ್ಳಾಯಿತು. ನನ್ನ ವಾದಕ್ಕೆ ಅಷ್ಟು ಸಾಕು.

ಇನ್ನು ಆಕ್ಷೇಪಗಳು. ದೇವರ ಹೆಸರಿನಲ್ಲಿ ಕಾಡು ಉಳಿಯುತ್ತದೆ ಎನ್ನುವುದಾದರೆ, 2025ರ ಜೂನಿನಲ್ಲಿ ಮಾದಪ್ಪನ ಮಲೆಯಲ್ಲೇ, ಹೂಗ್ಯಂ ವಲಯದಲ್ಲಿ, ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತ ಹಸುವಿಗೆ ಬೆರೆಸಿದ ವಿಷ ತಿಂದು ಸತ್ತದ್ದು ಹೇಗೆ? ಇದು ಬಲವಾದ ಪ್ರಶ್ನೆ, ಇದನ್ನು ದಾಟಿ ಹೋಗಬಾರದು. ಹುಲಿಯ ಮೇಲೆ ಕೂತ ದೇವರಿಗೆ ಕೈಮುಗಿದರೆ ಹುಲಿ ತಾನಾಗಿ ಉಳಿಯುವುದಿಲ್ಲ. ಹಸು ಕಳೆದುಕೊಂಡವನ ಹೊಟ್ಟೆಯುರಿಗೆ ತಕ್ಷಣ ಸಿಗುವ ಪರಿಹಾರ, ದನ ಮೇಯಿಸುವವರ ಜೊತೆ ಇಲಾಖೆಯ ಮಾತುಕತೆ ಇಲ್ಲವಾದಾಗ ನಂಬಿಕೆ ಒಂಟಿಯಾಗುತ್ತದೆ. ಈ ಘಟನೆಯೂ ಕೊನೆಗೆ ತೋರಿಸುವುದು ಹುಲಿಯ ಭವಿಷ್ಯ ಸುತ್ತಲಿನ ದೊಡ್ಡಿಗಳಲ್ಲಿ ತೀರ್ಮಾನವಾಗುತ್ತದೆ ಎಂಬುದನ್ನೇ. ದೊಡ್ಡಿಯವರನ್ನು ಬಿಟ್ಟು ಹುಲಿಯೊಂದನ್ನೇ ನೋಡಲು ಹೋಗುವ ಪ್ರವಾಸ ಅರ್ಧ ಸತ್ಯವನ್ನು ನೋಡಿ ಬರುತ್ತದೆ.

ಎರಡನೆಯ ಆಕ್ಷೇಪ ಸಫಾರಿಯಿಂದ ಬರುವ ಹಣ ಮತ್ತು ಉದ್ಯೋಗದ್ದು. ನಿಜ, ಚಾಲಕರು, ಅಡುಗೆಯವರು, ಕಾವಲಿನವರು ಆ ದುಡ್ಡಿನಿಂದ ಬದುಕುತ್ತಾರೆ. ಸಫಾರಿ ನಿಲ್ಲಲಿ ಎಂದು ನಾನು ಎಂದೂ ಬರೆದಿಲ್ಲ. ಜೀಪಿನ ಮುಂದಿನ ಸೀಟಿನಲ್ಲಿ ಸೋಲಿಗ ಮಾರ್ಗದರ್ಶಿ ಕೂರಲಿ, ಹುಲಿ ಹೆಜ್ಜೆಯ ಜೊತೆಗೆ ಹೆಜ್ಜೇನಿನ ಮರವನ್ನೂ ತೋರಿಸಲಿ, ಉಪ್ಪಿಲು ಹಿಡಿದ ನೆಲ್ಲಿಯ ಕಥೆ ಹೇಳಲಿ ಎನ್ನುವುದಷ್ಟೇ ಬೇಡಿಕೆ. ಮೂರನೆಯದು ನನಗೇ ಹೆಚ್ಚು ಕಾಡುವ ಆಕ್ಷೇಪ. ಯೆಲ್ಲೆಗಳ ಬಗ್ಗೆ ಹೀಗೆ ಬರೆದರೆ ಜನ ಅಲ್ಲಿಗೂ ನುಗ್ಗಿ, ಕಲ್ಲುಗುಡಿಯ ಮುಂದೆ ನಿಂತು ಪಟ ತೆಗೆಯುವುದಿಲ್ಲವೇ? ಆ ನಾನೂರು ಚಿಲ್ಲರೆ ತಾಣಗಳಲ್ಲಿ ಒಂದನ್ನೂ ಪ್ರವಾಸಿ ತಾಣವಾಗಿ ಮಾಡಬಾರದು ಎನ್ನುವುದು ನನ್ನ ಖಚಿತ ನಿಲುವು. ಅವು ಇವೆ ಎಂದು ತಿಳಿದಿದ್ದರೆ ಸಾಕು, ನೋಡಲೇಬೇಕಿಲ್ಲ. ನೋಡಲು ತೆರೆದಿರುವ ಬೆಟ್ಟಗಳೇ ಬೇಕಾದಷ್ಟಿವೆ. ದೀಪಾವಳಿಯ ಹೊತ್ತಿಗೆ ಅಲ್ಲಿಯ ಅರ್ಚಕ ಸಮುದಾಯವಾದ ಬೇಡಗಂಪಣರ ನೂರೊಂದು ಹೆಣ್ಣುಮಕ್ಕಳು ಹಾಲರವೆಯ ಕೊಡ ಹೊತ್ತು ಮಾದಪ್ಪನ ಗುಡಿಗೆ ಬರುತ್ತಾರೆ. ತಾಳಬೆಟ್ಟದಿಂದ ಬರಿಗಾಲಿನಲ್ಲಿ ಹತ್ತುವ ಸಾವಿರಾರು ಜನರ ನಡುವೆ ಅದನ್ನು ನೋಡಿದವರಿಗೆ ಕಾಡು ಬೇರೆ, ಕ್ಷೇತ್ರ ಬೇರೆ ಎಂದು ಅನ್ನಿಸಲಾರದು.

ಬೇಸಿಗೆಗೆ ಎಲ್ಲಿಗೆ ಹೋಗಬೇಕೆಂದು ಕೇಳಿದವರಿಗೆ ಇಷ್ಟು ಹೇಳುತ್ತೇನೆ. ಎರಡು ದಿನದಲ್ಲಿ ಆರು ಜಾಗ ಬೇಡ, ಒಂದೇ ಬೆಟ್ಟ ಆರಿಸಿಕೊಳ್ಳಿ. ಕೊಳ್ಳೇಗಾಲದಿಂದ ಮಾದೇಶ್ವರ ಬೆಟ್ಟಕ್ಕೂ ಯಳಂದೂರಿನಿಂದ ರಂಗನ ಬೆಟ್ಟಕ್ಕೂ ಸರ್ಕಾರಿ ಬಸ್ಸುಗಳಿವೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದೇ ಇಲ್ಲ, ತಪ್ಪಲಿನಲ್ಲಿ ಕಾರು ನಿಲ್ಲಿಸಿ ಬಸ್ಸು ಹತ್ತಬೇಕು. ಆ ನಿಯಮ ಉಳಿದ ಎರಡು ಬೆಟ್ಟಗಳಿಗೂ ಬರಲೆಂದು ಜಿಲ್ಲಾಡಳಿತಕ್ಕೆ ನನ್ನ ಮನವಿ. ಹೊರಡುವ ಮುಂಚೆ ಸಂಕಮ್ಮನ ಸಾಲನ್ನು ಓದಿಕೊಳ್ಳಿ. ಪ್ಲಾಸ್ಟಿಕ್ ಒಯ್ಯಬೇಡಿ. ಸೋಲಿಗರೊಬ್ಬರು ಜೊತೆಗೆ ಸಿಕ್ಕರೆ ಹುಲಿ ಎಲ್ಲಿ ಸಿಗುತ್ತದೆ ಎಂದು ಮೊದಲೇ ಕೇಳಬೇಡಿ, ಎದುರಿಗಿರುವ ಮರ ಯಾವುದೆಂದು ಕೇಳಿ.