ಕಚೇರಿಯ ಊರು, ಮಗ್ಗದ ಊರು: ಹುನಗುಂದ–ಇಳಕಲ್ಲ ಹೋಲಿಕೆಯ ವಿಮರ್ಶೆ

ನೆರೆಹೊರೆಯ ಎರಡು ಊರುಗಳನ್ನು ಜೊತೆಗಿಟ್ಟು ತೂಗಿ ನೋಡುವ ರೂಢಿ ಕನ್ನಡದ ಬರಹದಲ್ಲಿಯೂ ಆಡುಮಾತಿನಲ್ಲಿಯೂ ಹಳೆಯದು. ಬೆಂಗಳೂರು–ಮೈಸೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ–ಹರಿಹರ ಎಂಬ ಜೋಡಿಗಳ ಬಗೆಗಿನ ಮಾತು ಎಲ್ಲಿಯೇ ಆರಂಭವಾದರೂ, ದೊಡ್ಡ ಊರಿನಲ್ಲಿ ದುಡಿಮೆ ಮತ್ತು ಅನುಕೂಲ, ಸಣ್ಣ ಊರಿನಲ್ಲಿ ನೆಮ್ಮದಿ ಮತ್ತು ಬಿಡುವು ಎಂಬ ತೀರ್ಮಾನವನ್ನು ಮೊದಲೇ ಜೊತೆಯಲ್ಲಿ ತಂದಿರುತ್ತದೆ. ಜನಸಂಖ್ಯೆಯನ್ನು ಅಳತೆಗೋಲಾಗಿಸಿಕೊಂಡ ಈ ಬಗೆಯ ಹೋಲಿಕೆಯ ಸಾಮರ್ಥ್ಯವನ್ನೂ ಮಿತಿಯನ್ನೂ ಪರೀಕ್ಷಿಸಲು ಬಾಗಲಕೋಟೆ ಜಿಲ್ಲೆಯ ಹುನಗುಂದ ಮತ್ತು ಇಳಕಲ್ಲ ಎಂಬ ಜೋಡಿಗಿಂತ ತಕ್ಕ ಉದಾಹರಣೆ ಸಿಗುವುದು ಕಷ್ಟ. ಇವೆರಡರ ನಡುವಿನ ಅಂತರ ಸುಮಾರು 12 ಕಿಲೋಮೀಟರ್ ಮಾತ್ರ. ಒಂದೇ ಹೆದ್ದಾರಿ ಎರಡನ್ನೂ ಮುಟ್ಟಿ ಹೋಗುತ್ತದೆ. ಆದರೂ ಇಲ್ಲಿ ಸಣ್ಣ ಊರು ಆಳುವ ಊರಾಗಿ, ದೊಡ್ಡ ಊರು ಅದರ ಬಾಗಿಲಿಗೆ ಅರ್ಜಿ ಹಿಡಿದು ಬರುವ ಊರಾಗಿ ನೂರು ವರ್ಷಗಳಿಗೂ ಹೆಚ್ಚು ಕಾಲ ಬದುಕಿದವು.

2011ರ ಜನಗಣತಿಯ ಹೊತ್ತಿಗೆ ಇಳಕಲ್ಲದಲ್ಲಿ ಸುಮಾರು 60 ಸಾವಿರ ಜನರಿದ್ದರು; ಹುನಗುಂದದಲ್ಲಿ ಸುಮಾರು 20 ಸಾವಿರ. ಕರ್ನಾಟಕ ಪೌರಸಭೆಗಳ ಅಧಿನಿಯಮ, 1964, ಊರುಗಳನ್ನು ಮುಖ್ಯವಾಗಿ ಜನಸಂಖ್ಯೆಯ ಮೇಲೆ ವರ್ಗೀಕರಿಸುತ್ತದೆ: 20 ಸಾವಿರದಿಂದ 50 ಸಾವಿರದವರೆಗಿನ ಜನರಿರುವ ಊರಿಗೆ ಪುರಸಭೆ, ಅದಕ್ಕೂ ಮೇಲೆ ಮೂರು ಲಕ್ಷದವರೆಗೆ ನಗರಸಭೆ. ಈ ಏಣಿಯಲ್ಲಿ ಇಳಕಲ್ಲ ಮೇಲಿನ ಮೆಟ್ಟಿಲಲ್ಲಿದೆ, ಹುನಗುಂದ ಕೆಳಗಿನದರಲ್ಲಿದೆ. ಆದರೆ ಕಂದಾಯ ಆಡಳಿತ, ಎಂದರೆ ಭೂಮಿಯ ದಾಖಲೆ, ತೆರಿಗೆ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನೋಡಿಕೊಳ್ಳುವ ತಾಲ್ಲೂಕು ವ್ಯವಸ್ಥೆ, ಬೇರೆಯದೇ ಏಣಿ. ಅದರಲ್ಲಿ ಹುನಗುಂದ ತಾಲ್ಲೂಕು ಕೇಂದ್ರವಾಗಿ ಮೇಲಿತ್ತು, ಇಳಕಲ್ಲ ಅದರ ಅಧೀನದ ಒಂದು ಊರಾಗಿತ್ತು. ಒಬ್ಬನೇ ನೇಕಾರ ಮನೆಯ ಕರ ಕಟ್ಟುವಾಗ ದೊಡ್ಡ ನಗರದ ನಿವಾಸಿಯಾಗಿ, ಹೊಲದ ಉತಾರ ಪಡೆಯುವಾಗ ಸಣ್ಣ ಊರಿನ ಅಧೀನನಾಗಿ ನಿಲ್ಲಬೇಕಾಗಿತ್ತು.

ಇದರ ಮೂಲ ಮುಂಬಯಿ ಪ್ರಾಂತದ ಆಡಳಿತದಲ್ಲಿದೆ. ಶಾಸನಗಳಲ್ಲಿ ಪೊನ್ನುಗುಂದವೆಂದು ಕಾಣಿಸುವ ಹುನಗುಂದ, ಬ್ರಿಟಿಷರ ಕಾಲದಲ್ಲಿ ಕಲಾದಗಿ ಜಿಲ್ಲೆಯ ತಾಲ್ಲೂಕು ಠಾಣೆಯಾಗಿತ್ತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಹೋದ ಮೇಲೂ, 1956ರಲ್ಲಿ ಕನ್ನಡ ನಾಡು ಒಂದಾದ ಮೇಲೂ, 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೂ ಆ ಸ್ಥಾನ ಉಳಿಯಿತು. ಇಳಕಲ್ಲಕ್ಕೆ ಆ ಸ್ಥಾನ ಬಾರದಿದ್ದುದರ ಹಿನ್ನೆಲೆಯಲ್ಲಿ ನೆಲದ ಸ್ಥಿತಿಯನ್ನೂ ಗಮನಿಸಬೇಕು: ಊರಿನ ದಕ್ಷಿಣಕ್ಕಿರುವ ಕುಷ್ಟಗಿ ಸೀಮೆ 1948ರವರೆಗೆ ನಿಜಾಮರ ರಾಜ್ಯಕ್ಕೆ ಸೇರಿದ್ದುದರಿಂದ ಇಳಕಲ್ಲ ಎರಡು ರಾಜ್ಯಗಳ ಅಂಚಿನ ಊರಾಗಿತ್ತು. ಗಡಿಯ ಅಂಚು ವ್ಯಾಪಾರಕ್ಕೆ ಲಾಭದ ಜಾಗ, ಆಡಳಿತಕ್ಕೆ ಮೂಲೆಯ ಜಾಗ. ಸೀರೆ, ನೂಲು, ಕಾಳುಕಡಿ ಈ ಅಂಚಿನಿಂದಲೇ ಎರಡೂ ಸೀಮೆಗಳ ಹಳ್ಳಿಗಳಿಗೆ ಹರಿದವು.

ಹುನಗುಂದದ ಬದುಕಿನ ಲಯವನ್ನು ನಿರ್ಧರಿಸುವುದು ಹೊರಗಿನಿಂದ ಬರುವವರು. ವಿಜಯಪುರದಿಂದ ಹೊಸಪೇಟೆ, ಚಿತ್ರದುರ್ಗದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಮತ್ತು ಅಮೀನಗಡದ ಮೂಲಕ ಬಾಗಲಕೋಟೆಗೆ ಹೋಗುವ ದಾರಿ ಕೂಡುವ ಈ ಊರಿಗೆ, ಎರೆಭೂಮಿಯಲ್ಲಿ ಜೋಳ, ಕಡಲೆ, ತೊಗರಿ ಬೆಳೆಯುವ ಹಳ್ಳಿಗಳ ರೈತರು ಬೆಳಗಿನ ಬಸ್ಸಿಗೆ ಇಳಿಯುತ್ತಾರೆ. ತಹಶೀಲ್ದಾರ ಕಚೇರಿ, ಉಪನೋಂದಣಿ ಕಚೇರಿ, ನ್ಯಾಯಾಲಯ, ಖಜಾನೆ, ಇವುಗಳ ಸುತ್ತ ಅರ್ಜಿ ಬರೆಯುವವರು, ವಕೀಲರು, ನಕಲು ತೆಗೆಯುವ ಅಂಗಡಿಗಳು, ಖಾನಾವಳಿಗಳು ಬೆಳೆದಿವೆ. ಕೂಡಲಸಂಗಮದ ಹೊಲದ ವ್ಯಾಜ್ಯವಾಗಲಿ ಐಹೊಳೆಯ ಮನೆಯ ಪಾಲುಪಟ್ಟಿಯಾಗಲಿ ಇಲ್ಲಿಯೇ ಇತ್ಯರ್ಥವಾಗಬೇಕಿದ್ದುದರಿಂದ, 20 ಸಾವಿರ ಜನರ ಊರು ಹಗಲು ಹೊತ್ತಿನಲ್ಲಿ ಇಡೀ ತಾಲ್ಲೂಕಿನ ಜನರ ಊರಾಗಿರುತ್ತಿತ್ತು. ಜನಗಣತಿ ಮನೆಯಲ್ಲಿ ಮಲಗುವವರನ್ನು ಎಣಿಸುತ್ತದೆ. ಹಗಲಿನಲ್ಲಿ ಊರನ್ನು ಬಳಸುವವರನ್ನು ಎಣಿಸುವುದಿಲ್ಲ. ಹುನಗುಂದವನ್ನು ಅದರ ನಿವಾಸಿಗಳ ಲೆಕ್ಕದಿಂದ ಸಣ್ಣದೆನ್ನುವುದು ಈ ಕಾರಣದಿಂದ ಅರ್ಧಸತ್ಯ. ಹುನಗುಂದ ಎಂಬುದು 1962ರಲ್ಲಿ ಮೂರು ತಿಂಗಳ ಕಾಲ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಕಂಠಿ ಅವರನ್ನು ವಿಧಾನಸಭೆಗೆ ಕಳಿಸಿದ ಕ್ಷೇತ್ರದ ಹೆಸರೂ ಹೌದು. ಆ ಹೆಸರಿನೊಳಗೆ ಇಳಕಲ್ಲದ ಮತದಾರರೂ ಸೇರಿದ್ದಾರೆ ಎಂಬುದನ್ನು ಹೊರಗಿನವರು ಬಹಳ ಸಲ ಮರೆಯುತ್ತಾರೆ.

ಇಳಕಲ್ಲದ ದೊಡ್ಡತನ ಬೇರೆ ಬಗೆಯದು. ಅದನ್ನು ಅರಿಯಲು ಆ ಊರಿನ ಸೀರೆಯ ಕಟ್ಟೋಣವನ್ನೇ ಅರಿಯಬೇಕು. ಬಟ್ಟೆಯ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎಂದೂ, ಅವುಗಳನ್ನು ಅಡ್ಡಲಾಗಿ ಹಾಯುವ ಎಳೆಗೆ ಹೊಕ್ಕು ಎಂದೂ ಹೆಸರು. ಬಹುತೇಕ ಸೀರೆಗಳಲ್ಲಿ ಮೈಗೂ ಸೆರಗಿಗೂ ಒಂದೇ ಹಾಸು ಇರುತ್ತದೆ. ಇಳಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸಿ, ಒಂದರ ಎಳೆಗಳನ್ನು ಇನ್ನೊಂದರ ಎಳೆಗಳ ಕುಣಿಕೆಗೆ ಸಿಕ್ಕಿಸಿ ಜೋಡಿಸುವ ಕ್ರಮಕ್ಕೆ ಕೊಂಡಿ ಎನ್ನುತ್ತಾರೆ. ಹತ್ತಿಯ ಮೈಗೆ ರೇಷ್ಮೆಯ ಕೆಂಪು ಸೆರಗು ಕೂಡುವುದು ಹೀಗೆ. ಟೋಪ್ ತೆನಿ ಎಂದು ಹೆಸರಾದ ಆ ಸೆರಗಿನ ಅಂಚುಗಳಲ್ಲಿ ಬಿಳಿಯ ಎಳೆಗಳಿಂದ ಬಾಚಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಗಳಂಥ ಆಕೃತಿಗಳು ಮೂಡುತ್ತವೆ. ಕೊಂಡಿಯ ಸೀರೆಗೆ ಹಾಸನ್ನು ಒಂದೇ ಸೀರೆಯ ಅಳತೆಗೆ ಸಿದ್ಧಪಡಿಸಬೇಕಾಗುತ್ತದೆ. ಒಂದು ಸೀರೆ ಮುಗಿದೊಡನೆ ಕೆಲಸ ಮೊದಲಿನಿಂದ ಆರಂಭವಾಗುತ್ತದೆ. ಹತ್ತಾರು ಸೀರೆಗಳ ಹಾಸನ್ನು ಒಮ್ಮೆಲೇ ಸುತ್ತಿಕೊಂಡು ಓಡುವ ಯಂತ್ರಮಗ್ಗಕ್ಕೆ ಈ ಕ್ರಮ ಒಗ್ಗುವುದಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆ, ಎಂದರೆ ಒಂದು ವಸ್ತುವಿನ ಗುಣವು ಅದು ಹುಟ್ಟಿದ ಊರಿಗೆ ಅಂಟಿಕೊಂಡಿದೆಯೆಂದು ಕಾನೂನು ನೀಡುವ ಗುರುತು, ಈ ಸೀರೆಗೆ ದೊರೆತಿರುವುದು ಸರಿಯಾಗಿಯೇ ಇದೆ.

ಈ ತಾಂತ್ರಿಕ ವಿವರ ಊರಿನ ಬದುಕಿನ ವಿವರವೂ ಆಗಿದೆ. ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕಾದಾಗ, ನೂಲು ಬಿಚ್ಚುವವರು, ಬಣ್ಣ ಹಾಕುವವರು, ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತುವವರು, ಕೊಂಡಿ ಹಾಕುವವರು ನೇಯುವವನ ಕೂಗಳತೆಯಲ್ಲಿ ಇರಬೇಕಾಗುತ್ತದೆ. ಈ ಕೆಲಸಗಳು ಒಂದೇ ಮನೆಯಲ್ಲಿ ಅಥವಾ ಒಂದೇ ಓಣಿಯಲ್ಲಿ ನಡೆಯುತ್ತವೆ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವ ಕುಣಿಮಗ್ಗ ಮನೆಯ ನಡುಭಾಗವನ್ನೇ ಆಕ್ರಮಿಸಿರುವುದರಿಂದ ಮನೆ ಮತ್ತು ಕೆಲಸದ ಜಾಗ ಎಂಬ ವಿಂಗಡಣೆ ಇಲ್ಲಿ ಇಲ್ಲ. ದೊಡ್ಡ ನಗರವೆಂದರೆ ಜನ ಮನೆಯಿಂದ ಹೊರಬಿದ್ದು ದುಡಿಯಲು ಹೋಗುವ ಜಾಗ ಎಂಬ ಸಾಮಾನ್ಯ ಕಲ್ಪನೆ ಈ ಓಣಿಗಳಲ್ಲಿ ಸುಳ್ಳಾಗುತ್ತದೆ; ಇಲ್ಲಿ ಊರು ದೊಡ್ಡದಾದಷ್ಟೂ ದುಡಿಮೆ ಮನೆಯೊಳಗೆ ಸರಿದಿದೆ. ಹುನಗುಂದದ ಗುಮಾಸ್ತ ತಿಂಗಳ ಕೊನೆಗೆ ಸಂಬಳ ಕಾಣುತ್ತಾನೆ, ಗಡಿಯಾರ ನೋಡಿ ಎದ್ದು ಹೋಗುತ್ತಾನೆ. ಇಳಕಲ್ಲದ ನೇಕಾರ ಸೀರೆ ಮುಗಿದಾಗ ಮಜೂರಿ ಕಾಣುತ್ತಾನೆ, ಮುಗಿಯದಿದ್ದರೆ ದೀಪ ಹಚ್ಚಿಕೊಂಡು ಕೂರುತ್ತಾನೆ. ನೂಲು ಕೊಟ್ಟು ಸೀರೆ ಪಡೆಯುವ ಮಾಲೀಕನಿಂದ ಮದುವೆಗೋ ಕಾಯಿಲೆಗೋ ಮುಂಗಡ ಪಡೆದವನು, ಅದು ತೀರುವವರೆಗೆ ಬೇರೆಯವರಿಗೆ ನೇಯುವಂತಿಲ್ಲ ಎಂಬ ಕಟ್ಟುಪಾಡು ಕೈಮಗ್ಗದ ಸೀಮೆಗಳಲ್ಲೆಲ್ಲ ಕಾಣುವಂಥದು. ನೆಮ್ಮದಿ ಸಣ್ಣ ಊರಿನ ಸೊತ್ತು ಎನ್ನುವುದಕ್ಕಿಂತ ಸಂಬಳದ ಊರಿನ ಸೊತ್ತು ಎನ್ನುವುದು ಹೆಚ್ಚು ನಿಜ.

ಮಗ್ಗದ ಜೊತೆಗೆ ಇಳಕಲ್ಲದ ಇನ್ನೊಂದು ಆಧಾರ ಕಲ್ಲು. ಸುತ್ತಲಿನ ಗುಡ್ಡಗಳ ಕೆಂಪು, ಗುಲಾಬಿ ಗ್ರಾನೈಟ್ ದೇಶದ ಹೊರಗೂ ಹೋಗಿದೆ. ಆದರೆ ಕಲ್ಲಿನ ಗಣಿ ಕೆಲವರಿಗೆ ಬೇಗ ಹಣ ತಂದುಕೊಟ್ಟಂತೆ ಮಗ್ಗ ಯಾರಿಗೂ ತಂದುಕೊಟ್ಟಿಲ್ಲ.

ದುಡಿಮೆ ಮನೆಯೊಳಗಿರುವ ಊರಿಗೆ ಅದರದೇ ಆದ ಸಂಕಟಗಳೂ ಇರುತ್ತವೆ. ಕೂಲಿಯ ಹಣ ಹೆಂಡಕ್ಕೆ ಹೋದರೆ ಮರುದಿನದ ಹಾಸು ನಿಲ್ಲುತ್ತದೆ, ಅದರ ಹಿಂದೆ ಇಡೀ ಮನೆಯ ಕೆಲಸ ನಿಲ್ಲುತ್ತದೆ. ಚಿತ್ತರಗಿ–ಇಳಕಲ್ಲದ ವಿಜಯ ಮಹಾಂತೇಶ್ವರ ಸಂಸ್ಥಾನ ಮಠದ ಮಹಾಂತ ಸ್ವಾಮೀಜಿ 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆ ಎಂಬ ಆಚರಣೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಜೋಳಿಗೆ ಎಂದರೆ ಜಂಗಮರು ಭಿಕ್ಷೆಗೆ ಹಿಡಿಯುವ ಬಟ್ಟೆಯ ಚೀಲ; ಸ್ವಾಮೀಜಿ ಅದನ್ನು ಹಿಡಿದು ಓಣಿ ಓಣಿಗೆ ಹೋಗಿ ಕಾಳು, ಕಾಸಿನ ಬದಲು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮನೆಯೇ ಕಾರ್ಖಾನೆಯಾದ ಊರಿನಲ್ಲಿ ಸುಧಾರಣೆಯೂ ಮನೆಯ ಬಾಗಿಲಿಗೆ ನಡೆದು ಬಂದದ್ದು ಆಕಸ್ಮಿಕವಲ್ಲ. ವಿಜಯ ಮಹಾಂತೇಶರ ಹೆಸರಿನ ವಿದ್ಯಾಸಂಸ್ಥೆಗಳು ಎರಡೂ ಊರುಗಳಲ್ಲಿವೆ. ಕಚೇರಿ ಮತ್ತು ಮಗ್ಗ ಬೇರ್ಪಡಿಸಿದ ಊರುಗಳನ್ನು ಭಕ್ತಿ ಮತ್ತು ಶಿಕ್ಷಣ ಒಂದಾಗಿ ಹಿಡಿದಿವೆ.

ಹತ್ತಿರದ ಊರುಗಳು ಕೆಲಸಗಳನ್ನು ಹಂಚಿಕೊಂಡು ಬದುಕುವುದು ಈ ಸೀಮೆಗೆ ಹೊಸತಲ್ಲ. ಬಾದಾಮಿ ಚಾಲುಕ್ಯರ ರಾಜಧಾನಿಯಾಗಿತ್ತು. ಪಟ್ಟದಕಲ್ಲು ಪಟ್ಟಾಭಿಷೇಕದ ನೆಲೆಯೆಂದು ಹೆಸರಾಯಿತು. ಐಹೊಳೆ 634ರ ಕವಿ ರವಿಕೀರ್ತಿಯ ಶಾಸನಕ್ಕೆ ಎಷ್ಟು ಪ್ರಸಿದ್ಧವೋ, ಮುಂದಿನ ಶತಮಾನಗಳಲ್ಲಿ ದಕ್ಷಿಣ ಭಾರತದಾಚೆಗೂ ಹರಡಿದ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘಕ್ಕೆ ಹೆಸರು ಕೊಟ್ಟ ಊರಾಗಿಯೂ ಅಷ್ಟೇ ಪ್ರಸಿದ್ಧ. ಆಳುವ ಊರು ಒಂದು, ವ್ಯವಹರಿಸುವ ಊರು ಇನ್ನೊಂದು ಎಂಬ ಏರ್ಪಾಟು ಇಲ್ಲಿಯ ನೆಲದಲ್ಲಿ ಹಳೆಯದು. ಹುಬ್ಬಳ್ಳಿ–ಧಾರವಾಡದ್ದೂ ಹೆಚ್ಚುಕಡಿಮೆ ಇದೇ ಬಗೆ, ಆದರೆ ಅಲ್ಲಿ 1962ರಲ್ಲಿ ಎರಡೂ ಊರುಗಳನ್ನು ಒಂದೇ ಮಹಾನಗರಪಾಲಿಕೆಯಡಿ ತಂದರು. ಹುನಗುಂದ–ಇಳಕಲ್ಲಗಳಲ್ಲಿ ನಡೆದದ್ದು ಅದಕ್ಕೆ ತದ್ವಿರುದ್ಧ. 2017ರ ಆಯವ್ಯಯದಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಇಳಕಲ್ಲವೂ ಒಂದಾಗಿ, 2018ರಿಂದ ಅದು ಹುನಗುಂದದಿಂದ ಬೇರೆಯಾಯಿತು.

ಈ ವಿಭಜನೆಯ ಮೌಲ್ಯಮಾಪನ ಒಂದೇ ಮಾತಿನಲ್ಲಿ ಮುಗಿಯುವಂಥದಲ್ಲ. ಒಂದು ಪ್ರಮಾಣಪತ್ರಕ್ಕಾಗಿ ಒಂದು ದಿನ ಮಗ್ಗ ನಿಲ್ಲಿಸಿ ಹುನಗುಂದಕ್ಕೆ ಹೋಗುವ ನೇಕಾರನಿಗೆ ಬಸ್ಸಿನ ದರಕ್ಕಿಂತ ಹೆಚ್ಚಿನ ನಷ್ಟ ಆ ದಿನದ ಮಜೂರಿಯದಾಗಿತ್ತು. ತಿಂಗಳ ಸಂಬಳದವನಿಗೆ ಅರ್ಧ ದಿನದ ರಜೆಯಾಗುವ ಕೆಲಸ ತುಂಡುಗೂಲಿಯವನಿಗೆ ಅರ್ಧ ದಿನದ ಅನ್ನದ ನಷ್ಟವಾಗುತ್ತದೆ. ಈ ದೃಷ್ಟಿಯಿಂದ ಇಳಕಲ್ಲದ ಬೇಡಿಕೆ ನ್ಯಾಯವಾದದ್ದು, ಅದು ಈಡೇರಿದ್ದು ತಡವಾಗಿಯೇ. ಆದರೆ ತಾಲ್ಲೂಕು ಪಟ್ಟವನ್ನು ಊರಿನ ಏಳಿಗೆಯ ಗುರುತೆಂದು ಕಾಣುವ ಭಾವನೆಯನ್ನು ಒಪ್ಪಲಾಗದು. ಇಳಕಲ್ಲ ತಹಶೀಲ್ದಾರರಿಲ್ಲದೆಯೇ ದೊಡ್ಡದಾದ ಊರು. ಅದರ ಸಂಕಟ ನೂಲಿನ ಬೆಲೆ, ಯಂತ್ರಮಗ್ಗದ ನಕಲು ಸೀರೆ, ಮಗ್ಗದಿಂದ ಎದ್ದುಹೋಗುತ್ತಿರುವ ಮುಂದಿನ ಪೀಳಿಗೆ. 1985ರ ಕೈಮಗ್ಗ ಮೀಸಲು ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮಾತ್ರ ಮೀಸಲಿಟ್ಟಿದ್ದರೂ, ಕೊಂಡಿ ಹಾಕಿದ ಸೆರಗನ್ನೂ ಹಾಕದ ಸೆರಗನ್ನೂ ಅಂಗಡಿಯಲ್ಲಿ ಗುರುತಿಸಬಲ್ಲ ಗಿರಾಕಿ ಇಲ್ಲದೆ ಆ ರಕ್ಷಣೆ ಕಾಗದದ ಮೇಲೆಯೇ ಉಳಿಯುತ್ತದೆ. ಹೊಸ ಕಚೇರಿಗಳು ಇವುಗಳಲ್ಲಿ ಯಾವುದಕ್ಕೂ ಮದ್ದಲ್ಲ. ಹುನಗುಂದದ ನಷ್ಟವನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ: ಹೊರಗಿನಿಂದ ಬರುವವರ ಮೇಲೆ ನಿಂತ ಊರಿಗೆ, ಬರುವವರಲ್ಲಿ ಒಂದು ದೊಡ್ಡ ಪಾಲು ಬೇರೆಡೆ ಹೋಗುವುದೆಂದರೆ ಖಾನಾವಳಿಯಿಂದ ನಕಲು ಅಂಗಡಿಯವರೆಗೆ ಎಲ್ಲದರ ಅಡಿಪಾಯ ಸಡಿಲವಾದಂತೆ. ತಾಲ್ಲೂಕುಗಳನ್ನು ಒಡೆಯುವ ಪದ್ಧತಿ ಪಡೆಯುವ ಊರಿನ ಅರ್ಜಿಯನ್ನು ಓದುತ್ತದೆ, ಬಿಟ್ಟುಕೊಡುವ ಊರಿಗೆ ಬೇರೆ ಯಾವ ಆಸರೆ ಬೇಕೆಂದು ಕೇಳುವುದಿಲ್ಲ. ಈ ಪದ್ಧತಿಯ ಅತಿ ಗಂಭೀರವಾದ ಕೊರತೆ ಇದೇ.

ಎರಡೂ ಊರುಗಳ ಹೋಲಿಕೆಯಲ್ಲಿ ಕೊನೆಯವರೆಗೂ ಅಳತೆಗೆ ಸಿಗದೆ ಉಳಿಯುವವಳು ಇಳಕಲ್ಲದ ನೇಕಾರ ಮನೆಯ ಹೆಣ್ಣುಮಗಳು. ಜನಗಣತಿ ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದವರನ್ನು ಮುಖ್ಯ ದುಡಿಮೆಗಾರರೆಂದು ಬರೆದುಕೊಳ್ಳುತ್ತದೆ; ಅಡುಗೆಯ ನಡುವೆ ಕಂಡಿಕೆ ಸುತ್ತಿ, ಮಗುವನ್ನು ಮಲಗಿಸಿ ಕೊಂಡಿ ಹಾಕುವವಳ ದುಡಿಮೆಯನ್ನು ಮನೆಯ ಗಂಡಸು ಅಧಿಕಾರಿಗೆ ಹೇಳುವಾಗ ಮನೆಗೆಲಸವೆಂದೇ ಹೇಳಿಬಿಡುವುದು ಸಾಮಾನ್ಯ. ಹುನಗುಂದದ ಕಚೇರಿಯ ಪಟ್ಟಿಯಲ್ಲಿ ಅವಳು ಇರಲಿಲ್ಲ, ಇಳಕಲ್ಲದ ಹೊಸ ಕಚೇರಿಯ ಪಟ್ಟಿಯಲ್ಲಿಯೂ ನೇಕಾರಳೆಂದು ಅವಳ ಹೆಸರು ಏರಲು ಅವಳ ಗಂಡನ ಅಥವಾ ಮಾಲೀಕನ ಮಾತು ಬೇಕು. ಗುರುತಿನ ಚೀಟಿ, ಸಾಲ, ಪಿಂಚಣಿ ಎಲ್ಲವೂ ಮಗ್ಗದ ಮೇಲೆ ಕುಳಿತವನ ಹೆಸರಿಗೆ ಬರುವವರೆಗೆ, ಸೀರೆಯ ಮೈಯನ್ನೂ ಸೆರಗನ್ನೂ ಎಳೆ ಎಳೆಯಾಗಿ ಕೂಡಿಸುವ ಕೈ ಎರಡೂ ತಾಲ್ಲೂಕುಗಳ ಲೆಕ್ಕದ ಹೊರಗೇ ಇದೆ.