ರಿವೈಂಡ್ ಎಲ್ಲಿವರೆಗೆ?

'ಪ್ರಿನ್ಸ್ ಆಫ್ ಪರ್ಷಿಯಾ: ದ ಸ್ಯಾಂಡ್ಸ್ ಆಫ್ ಟೈಮ್' ಸಿನಿಮಾ 2010ರಲ್ಲಿ ಬಂದಾಗ ಮೊದಲ ವಾರವೇ ಆಫೀಸಿನ ಗ್ಯಾಂಗ್ ಜತೆ ಹೋಗಿ ನೋಡಿದ್ದೆ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಹಿಡಿದುಕೊಂಡು ಎಲ್ಲರೂ "ಪರ್ವಾಗಿಲ್ಲ ಕಣೋ, ಟೈಂಪಾಸ್" ಅಂದರು. ನಾನೂ ಹೂಂ ಅಂದೆ. ಆದರೆ ವಾಪಸ್ ಬರುವಾಗ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಒಂದು ಕಿರಿಕಿರಿ. ಏನು ಅಂತ ಬಾಯಿಬಿಟ್ಟು ಹೇಳೋಕೆ ಆಗಿರಲಿಲ್ಲ. ಮೊನ್ನೆ ಶನಿವಾರ ಮತ್ತೆ ನೋಡಿದೆ. ಈ ಸಲ ಸಿಕ್ಕಿತು. ಅದನ್ನು ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತೊಂಬತ್ತರ ದಶಕದಲ್ಲಿ ಸಣ್ಣ ಊರಿನ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಈ ರಾಜಕುಮಾರನ ಪರಿಚಯ ಮಾಡಿಕೊಡಬೇಕಾಗಿಲ್ಲ. ಸರ್ ಹೇಳಿಕೊಡುತ್ತಿದ್ದದ್ದು ಡಾಸ್ ಕಮಾಂಡು, ನಾವು ಕಾಯುತ್ತಿದ್ದದ್ದು ಸರ್ ಟೀ ಕುಡಿಯೋಕೆ ಹೊರಗೆ ಹೋಗುವುದನ್ನು. ಒಂದು ಮಷಿನ್ನಿಗೆ ಇಬ್ಬರು. ಒಬ್ಬನಿಗೆ ಆ್ಯರೋ ಕೀಗಳು, ಇನ್ನೊಬ್ಬನಿಗೆ ಶಿಫ್ಟ್ ಕೀ. ಬಿಳಿ ಬಟ್ಟೆಯ ಆ ಹುಡುಗ ಓಡುವ, ಅಂಚಿಗೆ ಬಂದು ಗಕ್ಕನೆ ನಿಲ್ಲುವ, ಜಿಗಿದು ಎರಡು ಕೈಯಲ್ಲಿ ಜೋತುಬೀಳುವ ರೀತಿ ಆವತ್ತಿನ ಯಾವ ಗೇಮಿನಲ್ಲೂ ಇರಲಿಲ್ಲ. ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡಿ ಜಿಗಿಯುವುದನ್ನು ವಿಡಿಯೋ ಮಾಡಿಕೊಂಡು, ಅದರ ಒಂದೊಂದು ಫ್ರೇಮನ್ನೂ ನೋಡಿ ತಿದ್ದಿ ಬರೆದ ಚಲನೆ ಅದು. ಗೇಮ್ ಆಪಲ್ 2 ಕಂಪ್ಯೂಟರಿಗೆ ಬಂದದ್ದು 1989ರಲ್ಲಿ, ಡಾಸ್‌ಗೆ 1990ರಲ್ಲಿ. ನಮ್ಮೂರಿಗೆ ಫ್ಲಾಪಿಯಲ್ಲಿ ಯಾವಾಗ ಬಂತೋ, ಯಾರು ತಂದರೋ, ಅದರ ಲೆಕ್ಕ ಯಾರೂ ಇಟ್ಟಿಲ್ಲ! ದುಡ್ಡು ಕೊಟ್ಟು ತಂದವರಂತೂ ಯಾರೂ ಇಲ್ಲ.

ಅರವತ್ತು ನಿಮಿಷ ಟೈಮು, ಅಷ್ಟರೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಸತ್ತರೆ ಲೆವೆಲ್ಲಿನ ಮೊದಲಿಂದ ಶುರು, ಆದರೆ ಗಡಿಯಾರ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. 'ಪ್ರಿನ್ಸ್ ಮೆಗಾಹಿಟ್' ಅಂತ ಟೈಪ್ ಮಾಡಿ ಕಳ್ಳದಾರಿ ಹಿಡಿದವರೂ ಇದ್ದರು. ನಾವೂ ಹಿಡಿದೆವು, ಸುಳ್ಳು ಯಾಕೆ. ಆದರೆ ಕಳ್ಳದಾರಿಯಲ್ಲಿ ಹೋದರೂ ಹನ್ನೆರಡನೇ ಲೆವೆಲ್ ನಮ್ಮನ್ನು ನಿಲ್ಲಿಸಿತು.

ನಾಲ್ಕನೇ ಲೆವೆಲ್ಲಿನಲ್ಲಿ ಒಂದು ಕನ್ನಡಿ ಅಡ್ಡ ಬರುತ್ತದೆ. ಅದನ್ನು ಒಡೆದುಕೊಂಡು ಹಾರಿದರೆ ಆ ಕಡೆಯಿಂದ ನಿಮ್ಮದೇ ನೆರಳು ಎದ್ದು ಓಡಿಹೋಗುತ್ತದೆ. ಆಮೇಲೆ ಅದೇ ನೆರಳು ನಿಮ್ಮ ಔಷಧಿ ಕದ್ದು ಕುಡಿಯುತ್ತದೆ, ನೀವು ಜಿಗಿಯುವ ಹೊತ್ತಿಗೆ ಸರಿಯಾಗಿ ಗೇಟು ಹಾಕಿ ಕೆಳಗೆ ಬೀಳಿಸುತ್ತದೆ. ಹನ್ನೆರಡನೇ ಲೆವೆಲ್ಲಿನಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಒಂದೇಟು ಹೊಡೆದರೆ ನಿಮ್ಮ ಜೀವ ಒಂದು ಕಡಿಮೆ. ಕೊಂದರೆ ನೀವೂ ಸತ್ತಿರಿ. ನಾವು ಎಷ್ಟು ದಿನ ಹೊಡೆದು ಹೊಡೆದು ಸತ್ತೆವೋ. ಕೊನೆಗೆ ಒಂದು ದಿನ ನನ್ನ ಪಕ್ಕದಲ್ಲಿದ್ದವನು ಬೇಜಾರಾಗಿ ಡೌನ್ ಆ್ಯರೋ ಒತ್ತಿಬಿಟ್ಟ. ರಾಜಕುಮಾರ ಕತ್ತಿಯನ್ನು ಒರೆಗೆ ಹಾಕಿದ. ನೆರಳೂ ಹಾಕಿತು. ಇಬ್ಬರೂ ಒಬ್ಬರ ಕಡೆಗೊಬ್ಬರು ಓಡಿ ಒಂದಾದರು. ಮುಂದೆ ದಾರಿಯೇ ಇಲ್ಲದ ಖಾಲಿ ಜಾಗದಲ್ಲಿ ಕಾಲಿಟ್ಟರೆ, ಇಟ್ಟ ಹೆಜ್ಜೆಯ ಕೆಳಗೆ ಕಲ್ಲು ಹುಟ್ಟುತ್ತಾ ಹೋಯಿತು. ನಾವು ಇಬ್ಬರೂ ಕುರ್ಚಿಯಿಂದ ಎದ್ದು ನಿಂತಿದ್ದೆವು.

ಆ ನೆರಳು ಹುಟ್ಟಿದ್ದು ದೊಡ್ಡ ತತ್ವದಿಂದಲ್ಲ, ಮೆಮೊರಿ ಸಾಲದ್ದರಿಂದ. ಹೊಸ ಶತ್ರುವಿನ ಚಿತ್ರಗಳಿಗೆ ಆಪಲ್ 2ರಲ್ಲಿ ಜಾಗ ಇರಲಿಲ್ಲ. ಮೆಕ್ನರ್ ರಾಜಕುಮಾರನ ಚಿತ್ರಗಳನ್ನೇ ಬಿಟ್ ಲೆಕ್ಕದಲ್ಲಿ ತಿರುಚಿ ಇನ್ನೊಬ್ಬನನ್ನು ಮಾಡಿಕೊಂಡರು. ಶತ್ರುವಿಗೆ ಬೇಕಾದ ಸಾಮಾನೆಲ್ಲ ನಾಯಕನದೇ. ಇದನ್ನು ನೆನಪಿಟ್ಟುಕೊಳ್ಳಿ, ಸಿನಿಮಾ ಎಡವಿದ್ದು ಇಲ್ಲೇ ಅನ್ನೋದು ನನ್ನ ವಾದ.

ಸಿನಿಮಾ ಮಾಡಿದ್ದು ಈ ಹಳೇ ಗೇಮನ್ನಲ್ಲ, 2003ರಲ್ಲಿ ಯೂಬಿಸಾಫ್ಟ್ ಮಾಂಟ್ರಿಯಲ್ ತಂದ 'ದ ಸ್ಯಾಂಡ್ಸ್ ಆಫ್ ಟೈಮ್' ಅನ್ನು. ಅದರ ಕಥೆಯನ್ನೂ ಮೆಕ್ನರ್ ಅವರೇ ಬರೆದದ್ದು. ನಾನು ಇದನ್ನು ಆಡಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ರೂಮ್‌ಮೇಟಿನ ಅಸೆಂಬಲ್ಡ್ ಪಿಸಿಯಲ್ಲಿ, ಇಂಟರ್ನಲ್ಸ್ ನಡುವೆ. ಕಥೆ ಶುರುವಾಗುವುದು ಇಂಡಿಯಾದಲ್ಲಿ. ಪರ್ಷಿಯಾದ ಸೈನ್ಯ ಒಬ್ಬ ಮಹಾರಾಜನ ಅರಮನೆಗೆ ನುಗ್ಗುತ್ತದೆ. ಅಪ್ಪನ ಮುಂದೆ ಮೆರೆಯುವ ಆಸೆಗೆ ರಾಜಕುಮಾರ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಒಂದು ಕಠಾರಿ ಎತ್ತಿಕೊಳ್ಳುತ್ತಾನೆ. ಆಮೇಲೆ ಅಜಾದ್ ಎಂಬ ಊರಿನಲ್ಲಿ ವಜೀರನ ಮಾತು ನಂಬಿ, ಆ ಕಠಾರಿಯನ್ನು ತನ್ನ ಕೈಯಾರೆ ಮರಳು ಗಡಿಯಾರಕ್ಕೆ ಚುಚ್ಚುತ್ತಾನೆ. ಮರಳು ಹೊರಗೆ ಬಂದು ಇಡೀ ಊರೇ ದೆವ್ವವಾಗುತ್ತದೆ. ಅವನ ಅಪ್ಪನೂ. ಆ ಅಪ್ಪನ ಮೇಲೆ ನೀವೇ ಕತ್ತಿ ಎತ್ತಬೇಕು, ಕಂಟ್ರೋಲ್ ನಿಮ್ಮ ಕೈಯಲ್ಲೇ ಇದೆ.

ಕಠಾರಿಯ ಮಹಿಮೆ ಗೊತ್ತಲ್ಲ, ಬಟನ್ ಒತ್ತಿ ಹಿಡಿದರೆ ಕಾಲ ಕೆಲವು ಸೆಕೆಂಡ್ ಹಿಂದಕ್ಕೆ ಹೋಗುತ್ತದೆ. ಕಂಬದಿಂದ ಜಾರಿದೆಯಾ, ರಿವೈಂಡ್. ಗರಗಸಕ್ಕೆ ಸಿಕ್ಕಿದೆಯಾ, ರಿವೈಂಡ್. ಮರಳು ಮುಗಿದಿದ್ದರೆ ಮಾತ್ರ ಸಾವು. ಆಗಲೂ ಕಥೆ ಹೇಳುತ್ತಿರುವ ರಾಜಕುಮಾರನ ದನಿ ನಡುವೆ ಬಂದು, ಛೇ, ಹಾಗಾಗಲಿಲ್ಲ, ತಪ್ಪು ಹೇಳಿಬಿಟ್ಟೆ ಅಂತ ತಿದ್ದಿಕೊಳ್ಳುತ್ತದೆ. ಅಂದರೆ ಇಡೀ ಗೇಮು ಅವನು ಯಾರಿಗೋ ಹೇಳುತ್ತಿರುವ ಕಥೆ. ಯಾರಿಗೆ ಅಂತ ಗೊತ್ತಾಗುವುದು ಕೊನೆಯಲ್ಲಿ.

ಮಹಾರಾಜನ ಮಗಳು ಫರಾ ದಾರಿಯುದ್ದಕ್ಕೂ ಜತೆಗಿದ್ದು, ಜಗಳ ಆಡಿ, ಹತ್ತಿರವಾಗಿ, ಕೊನೆಗೆ ಸಾಯುತ್ತಾಳೆ. ಜೋತುಬಿದ್ದ ಅವಳನ್ನು ಎಳೆಯೋಕೆ ಇವನು ಕಠಾರಿಯ ಅಲಗನ್ನೇ ಹಿಡಿದಿರುತ್ತಾನೆ. ಅವನ ಕೈ ಕತ್ತರಿಸುವುದನ್ನು ನೋಡಿ ಅವಳೇ ಬಿಟ್ಟುಬಿಡುತ್ತಾಳೆ. ಆಗ ಅವನು ಕಾಲವನ್ನು ಪೂರ್ತಿ ಹಿಂದಕ್ಕೆ ತಿರುಗಿಸುತ್ತಾನೆ, ದಾಳಿ ಇನ್ನೂ ಶುರುವೇ ಆಗಿರದ ರಾತ್ರಿಯವರೆಗೆ. ಅರಮನೆ ಹತ್ತಿ ಅವಳ ಕೋಣೆಗೆ ಹೋಗುತ್ತಾನೆ. ಅವಳಿಗೆ ಇವನು ಯಾರೋ ಶತ್ರುಪಾಳಯದ ಹುಡುಗ. ಅವನು ಕಥೆ ಹೇಳುತ್ತಿರುವುದು ಅವಳಿಗೇ. ಅವಳು ನಂಬುವುದಿಲ್ಲ.

ಈಗ ಸಿನಿಮಾಕ್ಕೆ ಬರೋಣ. ನಿರ್ದೇಶಕ ಮೈಕ್ ನ್ಯೂಯೆಲ್, ನಿರ್ಮಾಪಕ ಜೆರ್ರಿ ಬ್ರುಕ್‌ಹೈಮರ್, ದುಡ್ಡು ಡಿಸ್ನಿಯದು, ಸುಮಾರು 200 ಮಿಲಿಯನ್ ಡಾಲರ್. ಸಿನಿಮಾ ಕಥೆಯ ಕ್ರೆಡಿಟ್ ಮೆಕ್ನರ್‌ಗೆ, ಚಿತ್ರಕಥೆಯ ಕ್ರೆಡಿಟ್ ಇನ್ನೂ ಮೂವರಿಗೆ. ಜೇಕ್ ಜಿಲೆನ್‌ಹಾಲ್ ಪರ್ಷಿಯನ್ ಹೇಗಾದ ಅನ್ನೋ ಜಗಳ ಆಗಲೇ ಸಾಕಷ್ಟಾಗಿದೆ, ಅದಕ್ಕೆ ನಾನು ಹೋಗಲ್ಲ. ಆಸ್ಟ್ರಿಚ್ ರೇಸ್ ನಡೆಸುತ್ತಾ ತೆರಿಗೆ ಬಗ್ಗೆ ಗೊಣಗುವ ಶೇಖ್ ಅಮರ್ ಪಾತ್ರ ನನಗೆ ಆಗಲೂ ಇಷ್ಟ, ಈಗಲೂ ಇಷ್ಟ. ಗೋಡೆ ಮೇಲೆ ಓಡುವುದು, ಮಾಳಿಗೆಯಿಂದ ಮಾಳಿಗೆಗೆ ಹಾರುವುದು ಎಲ್ಲ ಇದೆ. ಗೇಮಿನ ಅಭಿಮಾನಿಗಳು ಕೇಳಬಹುದಾದ ಸಾಮಾನೆಲ್ಲ ಹಾಕಿದ್ದಾರೆ.

ಆದರೆ ಮರಳು ಗಡಿಯಾರಕ್ಕೆ ಕಠಾರಿ ಚುಚ್ಚಿದವನನ್ನು ತೆಗೆದುಬಿಟ್ಟಿದ್ದಾರೆ. ಸಿನಿಮಾದ ದಸ್ತಾನ್ ಬೀದಿಯಲ್ಲಿ ಬೆಳೆದ ಅನಾಥ, ರಾಜ ಸಾಕಿದ ಮಗ, ಬಂಗಾರದಂಥ ಹುಡುಗ. ಅಲಮುತ್ ನಗರದ ಮೇಲಿನ ದಾಳಿ ಅವನ ಐಡಿಯಾ ಅಲ್ಲ. ಅಲ್ಲಿ ಆಯುಧ ಅಡಗಿಸಿದ್ದಾರೆ ಅಂತ ಚಿಕ್ಕಪ್ಪ ನಿಜಾಮ್ ಹುಟ್ಟಿಸಿದ ಸುಳ್ಳು ಸಾಕ್ಷಿ ಅದಕ್ಕೆ ಕಾರಣ. ಅಪ್ಪ ಸಾಯುವುದು ವಿಷ ಹಚ್ಚಿದ ನಿಲುವಂಗಿಯಿಂದ. ಅದನ್ನು ಕೊಟ್ಟವನು ದಸ್ತಾನ್, ಆದರೆ ವಿಷ ಅವನಿಗೆ ಗೊತ್ತಿಲ್ಲ. ಆಮೇಲೆ ಎರಡು ಗಂಟೆ ಅವನು ಓಡುವುದು ಏನನ್ನು ಸರಿಮಾಡೋಕೆ? ತಾನು ಮಾಡಿಲ್ಲ ಅಂತ ಸಾಬೀತು ಮಾಡೋಕೆ. ಗೇಮಿನಲ್ಲಿ ಕಠಾರಿ ಇದ್ದದ್ದು ಮಾಡಿದ್ದನ್ನು ತೊಳೆದುಕೊಳ್ಳೋಕೆ. ಸಿನಿಮಾದಲ್ಲಿ ಅದು ಬರೀ ಸಾಕ್ಷಿ.

ಸ್ಟುಡಿಯೋದವರ ಕಷ್ಟ ನನಗೆ ಅರ್ಥವಾಗಲ್ಲ ಅಂತಲ್ಲ. ಬೇಸಿಗೆ ರಜೆಗೆ ಬಿಡುವ ಡಿಸ್ನಿ ಸಿನಿಮಾದಲ್ಲಿ ನಾಯಕ ತನ್ನ ಜಂಬದಿಂದ ಊರು ಹಾಳುಮಾಡಿದ ಅಂದರೆ ಮೀಟಿಂಗಿನಲ್ಲಿ ಯಾರೋ ಕೈ ಎತ್ತುತ್ತಾರೆ, ಜನ ಇವನನ್ನು ಇಷ್ಟಪಡ್ತಾರಾ ಅಂತ. ಗೇಮಿನಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಬಟನ್ ಒತ್ತಿದ್ದು ನೀವೇ, ನಿಮ್ಮನ್ನು ನೀವು ಬಿಟ್ಟು ಹೋಗೋಕಾಗಲ್ಲ. ಚಿತ್ರಕಥೆ ಬರೆಯುವವನ ನಿಜವಾದ ಕೆಲಸ ಇಲ್ಲೇ ಇತ್ತು: ಬಟನ್ ಕೊಡದೆ ಆ ಭಾರವನ್ನು ನೋಡುವವನ ಮೇಲೆ ಹೇರುವುದು. ಆಗದ ಕೆಲಸವೇನಲ್ಲ. 'ದ ಲಾಸ್ಟ್ ಆಫ್ ಅಸ್' ಗೇಮಿನ ಕೊನೆಯಲ್ಲಿ ಆಸ್ಪತ್ರೆಯ ಸರ್ಜನ್‌ನನ್ನು ಕೊಲ್ಲದೆ ಆಟ ಮುಂದೆ ಹೋಗುವುದೇ ಇಲ್ಲ. 2023ರ ಸೀರೀಸ್ ಎಷ್ಟೋ ಬದಲಾಯಿಸಿತು, ಒಂದಿಡೀ ಎಪಿಸೋಡ್ ಬಿಲ್ ಮತ್ತು ಫ್ರಾಂಕ್‌ಗೆ ಬಿಟ್ಟುಕೊಟ್ಟಿತು, ಆದರೆ ಆ ಆಸ್ಪತ್ರೆಯನ್ನು ಮುಟ್ಟಲಿಲ್ಲ. ಜೋಯಲ್ ಮಾಡಿದ್ದು ಜೋಯಲ್ಲೇ ಮಾಡಿದ. ಯಾವ ಗೇಮಿನಿಂದಲೂ ಬಂದಿರದ, ಜಪಾನೀ ಕಾದಂಬರಿಯಿಂದ ಬಂದ 'ಎಡ್ಜ್ ಆಫ್ ಟುಮಾರೋ' ಕೂಡ ಈ ವಿಷಯದಲ್ಲಿ ಮುಂದಿದೆ. ಸತ್ತು ಸತ್ತು ಕಲಿಯುವ ಟಾಮ್ ಕ್ರೂಸ್ ಪ್ರತಿ ಬೆಳಿಗ್ಗೆ ತನ್ನನ್ನು ಗುರುತೇ ಹಿಡಿಯದ ಹೆಂಗಸಿನ ಎದುರು ನಿಲ್ಲುತ್ತಾನೆ. ಆ ಮುಖ ನೋಡಿದಾಗ ನನಗೆ ಫರಾ ನೆನಪಾದಳು, ಅಧಿಕೃತ ಸಿನಿಮಾ ನೋಡುವಾಗ ಆಗಲಿಲ್ಲ.

ಹಲ್ಲಿನ ಸಂದಿಯ ವಿಷಯ ಇನ್ನೂ ಹೇಳಿಲ್ಲ. ಸಿನಿಮಾದ ಕೊನೆಯಲ್ಲೂ ದೊಡ್ಡ ರಿವೈಂಡ್ ಇದೆ. ರಾಜಕುಮಾರಿ ತಮೀನಾ ಕೂಡ ಫರಾ ಹಾಗೇ ಕೈ ಬಿಟ್ಟು ಬೀಳುತ್ತಾಳೆ, ಕಾಲ ಹಿಂದಕ್ಕೆ ಓಡುತ್ತದೆ. ಎಲ್ಲಿವರೆಗೆ? ಅಲಮುತ್ ಮೇಲೆ ದಾಳಿ ಆಗಿ, ಕೋಟೆ ಬಿದ್ದು, ಕಠಾರಿ ದಸ್ತಾನ್ ಕೈಗೆ ಬಂದ ಗಳಿಗೆವರೆಗೆ. ಅಷ್ಟೇ! ಅಪ್ಪ ಬದುಕಿದ, ಅಣ್ಣಂದಿರು ಬದುಕಿದರು, ಹುಡುಗಿ ಬದುಕಿದಳು. ಸುಳ್ಳು ಸಾಕ್ಷಿ ನಂಬಿ ನಡೆದ ದಾಳಿಯಲ್ಲಿ ಸತ್ತ ಅಲಮುತ್‌ನವರು ಸತ್ತೇ ಇದ್ದಾರೆ. ದೊಡ್ಡಣ್ಣ ತುಸ್ ರಾಜಕುಮಾರಿಗೆ ಕ್ಷಮೆ ಕೇಳಿ ಮದುವೆ ಪ್ರಸ್ತಾಪ ಇಡುತ್ತಾನೆ, ಕಠಾರಿ ನಿಶ್ಚಿತಾರ್ಥದ ಉಡುಗೊರೆ ಆಗುತ್ತದೆ, ಸುಖಾಂತ. ಇರಾಕ್ ಯುದ್ಧ ಮನಸ್ಸಿನಲ್ಲಿಟ್ಟುಕೊಂಡೇ ಬರೆದ ಹಾಗೆ ಕಾಣುವ ಕಥೆ, ಯುದ್ಧವನ್ನೇ ರಿವೈಂಡ್ ಮಾಡುವ ಅವಕಾಶ ಕೈಯಲ್ಲಿದ್ದೂ ನಮ್ಮ ಮನೆಯವರಿಗೆ ಬೇಕಾದಷ್ಟು ಮಾತ್ರ ಹಿಂದಕ್ಕೆ ಹೋಗಿ ನಿಂತಿತು.

ನಿಮ್ಮಲ್ಲಿ ಡೇಟಾಬೇಸ್ ಮುಟ್ಟುವವರಿಗೆ ಇದು ಬೇಗ ಹೊಳೆಯುತ್ತೆ. ಬ್ಯಾಕಪ್ ಅನಾಹುತಕ್ಕಿಂತ ಮುಂಚಿನದಾ, ಆಮೇಲಿನದಾ ಅನ್ನೋದೇ ನಮ್ಮ ಮೊದಲ ಪ್ರಶ್ನೆ. ಕೆಲವು ವರ್ಷದ ಹಿಂದೆ ಒಂದು ರಾತ್ರಿ ನಾನು ಪ್ರೊಡಕ್ಷನ್ನಿನಲ್ಲಿ ವೇರ್ ಕ್ಲಾಸ್ ಇಲ್ಲದ ಒಂದು ಡಿಲೀಟ್ ಓಡಿಸಿದೆ. ಬ್ಯಾಕಪ್ ಇತ್ತು. ಮುಕ್ಕಾಲು ಗಂಟೆಯಲ್ಲಿ ಎಲ್ಲ ವಾಪಸ್ ಬಂತು, ಗ್ರಾಹಕರಿಗೆ ಗೊತ್ತೇ ಆಗಲಿಲ್ಲ. ಎಲ್ಲರೂ ಒಂದೇ ಶೇರ್ಡ್ ಲಾಗಿನ್ ಬಳಸುತ್ತಿದ್ದ ಕಾಲ. ಬೆಳಿಗ್ಗೆ ಕಾಲ್‌ನಲ್ಲಿ ಮ್ಯಾನೇಜರ್, ಶಿಫ್ಟಿನಲ್ಲಿದ್ದ ಹೊಸ ಹುಡುಗನದೇ ಇರಬೇಕು ಅಂದರು. ಅವನು ಗಾಬರಿಯಲ್ಲಿ ತಾನೇ ಮಾಡಿರಬಹುದು ಅಂತ ಒಪ್ಪಿಕೊಂಡುಬಿಟ್ಟ. ನಾನು ಮ್ಯೂಟ್‌ನಲ್ಲಿದ್ದೆ. ಅನ್‌ಮ್ಯೂಟ್ ಬಟನ್ ಮೇಲೆ ಮೌಸ್ ಇಟ್ಟುಕೊಂಡೇ ಕಾಲ್ ಮುಗಿಯಿತು. ಅಪ್ರೈಸಲ್ ಮುಗಿದ ಮೇಲೆ ಅವನು ಬೇರೆ ಕಡೆ ಹೋದ.

ಅದಕ್ಕೇ ಇರಬೇಕು, ಈ ಸಲ ದಸ್ತಾನ್ ಕೋಟೆ ಬಿದ್ದ ಮೇಲಿನ ಬೀದಿಯಲ್ಲಿ ನಿಂತು ಖುಷಿಯಾಗುವುದನ್ನು ನೋಡೋಕಾಗಲಿಲ್ಲ. ಡೇಟಾ ವಾಪಸ್ ಬಂತಲ್ಲ ಅನ್ನೋ ಖುಷಿ ಅದು, ನನಗೆ ಚೆನ್ನಾಗಿ ಗೊತ್ತು.

ಗೇಮಿನ ಕೊನೆಯ ಐದು ನಿಮಿಷವನ್ನು ಹಾಗೇ ಇಳಿಸಿದ್ದರೂ ಸಾಕಿತ್ತು. ವಜೀರನನ್ನು ಮುಗಿಸಿ ರಾಜಕುಮಾರ ಕಠಾರಿಯನ್ನು ಫರಾಗೆ ವಾಪಸ್ ಕೊಡುತ್ತಾನೆ. ಅದಕ್ಕೂ ಮೊದಲು ಆಸೆ ತಡೆಯಲಾರದೆ ಮುತ್ತು ಕೊಡುತ್ತಾನೆ. ಅವಳು ದೂಡಿ ಸಿಟ್ಟಾಗುತ್ತಾಳೆ. ಅವನು ಆ ಮುತ್ತನ್ನೇ ರಿವೈಂಡ್ ಮಾಡುತ್ತಾನೆ! ಹಾಸ್ಟೆಲಿನಲ್ಲಿ ನಾವೆಲ್ಲ ಹೋ ಅಂತ ಕಿರುಚಿದ್ದೆವು. ಆಮೇಲೆ ಅವನು ಹೊರಡುವಾಗ ಅವಳು ಹೆಸರು ಕೇಳುತ್ತಾಳೆ. ಅವನು ಹೇಳುವುದು ಹೆಸರನ್ನಲ್ಲ, 'ಕಾಕೊಲೂಕಿಯಾ' ಅಂತ ಒಂದು ಅರ್ಥವಿಲ್ಲದ ಪದ. ಚಿಕ್ಕವಳಿದ್ದಾಗ ಹೆದರಿಕೆಯಾದರೆ ಹೇಳಿಕೋ ಅಂತ ಅವಳ ಅಮ್ಮ ಅವಳೊಬ್ಬಳಿಗೇ ಕಲಿಸಿದ್ದು. ಈಗ ಯಾವತ್ತೂ ನಡೆಯದ ಒಂದು ರಾತ್ರಿಯಲ್ಲಿ ಅವಳು ಅದನ್ನು ಅವನಿಗೆ ಹೇಳಿದ್ದಳು. ಅವನು ಕತ್ತಲಿಗೆ ಇಳಿದು ಹೋಗುತ್ತಾನೆ. ಕಠಾರಿ ಹಿಡಿದು ಅವಳು ಅಲ್ಲೇ ನಿಂತಿರುತ್ತಾಳೆ. ಮದುವೆ ಇಲ್ಲ.